ಬಿಟ್ಟ ಸಾಲು

ಮೂರು ಕೋರ್ಸುಗಳಲ್ಲಿ ಒಂದನ್ನು ಇವತ್ತು ಸಂಜೆಯೊಳಗೆ ಆರಿಸಬೇಕಾಗಿತ್ತು. ಹಾಗೆಂದು ಯಾರೂ ಗಡುವು ಹಾಕಿರಲಿಲ್ಲ. ಬೆಳಿಗ್ಗೆ ದೋಸೆ ತಿಂದು ಕೈ ತೊಳೆಯುತ್ತ ಗಂಡ ಪ್ರೇಮಾನಂದ, 'ಇವತ್ತಾರೂ ಒಂದ್ ತೀರ್ಮಾನ ಮಾಡ್ ಮಾರಾಯ್ತಿ, ತಿಂಗ್ಳಾಯ್ತ್ ಅದನ್ನೇ ಕಾಂತಾ ಕೂಕಂಡದ್' ಎಂದು ನಗುತ್ತಲೇ ಹೇಳಿ ಗೇರುಬೀಜದ ಫ್ಯಾಕ್ಟರಿಗೆ ಹೊರಟುಹೋಗಿದ್ದ. ಸೌಮ್ಯಶ್ರೀ 'ಹ್ಞೂಂ' ಅಂದಿದ್ದಳು. ಈಗ ಬ್ರಹ್ಮಾವರದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಟೋಕನ್ ಕೊಡುವ ಮೇಜಿನ ಹಿಂದೆ ಕುಳಿತು, ಫೋನನ್ನು ರಿಜಿಸ್ಟರಿನ ಹಾಳೆಗಳ ನಡುವೆ ಇಟ್ಟುಕೊಂಡು ಆ ಮೂರನ್ನೂ ಮತ್ತೆ ಒಂದೊಂದಾಗಿ ತೆರೆದಳು. ಪ್ರವಾಸದ ಬ್ಲಾಗ್ ಬರೆಯಲು ಕಲಿಯಿರಿ, ಮನೆಯಲ್ಲೇ ಕುಳಿತು ಕಲಿಯಿರಿ. ಮೊದಲನೆಯದು ಮುಂಬಯಿಯದು, ಹಿಂದಿ ಇಂಗ್ಲಿಷ್ ಬೆರೆತದ್ದು, ಮೂರು ತಿಂಗಳಾದ ಮೇಲೆ ಸರ್ಟಿಫಿಕೇಟು. ಎರಡನೆಯದು ಬೆಂಗಳೂರಿನ ಚಂದನಾ ಎಂಬ ಹುಡುಗಿ ಕನ್ನಡದಲ್ಲಿ ಕಲಿಸುವುದು, ಆರು ಭಾನುವಾರ. ಮೂರನೆಯದರಲ್ಲಿ ಕಲಿಸುವವರ ಮುಖವೇ ಕಾಣುವುದಿಲ್ಲ, ಮೊದಲೇ ಮಾಡಿಟ್ಟ ವಿಡಿಯೋಗಳು. ಮುಖ ಕಾಣದ ಆ ಮೂರನೆಯದೇ ಒಮ್ಮೊಮ್ಮೆ ಅವಳಿಗೆ ಸಮಾಧಾನವೆನಿಸುತ್ತಿತ್ತು.

ಪಾಠಗಳ ಪಟ್ಟಿ ಬಾಯಿಗೆ ಬರುವಷ್ಟು ಸಲ ಓದಿಯಾಗಿತ್ತು. ಬ್ಲಾಗಿಗೆ ಹೆಸರಿಡುವುದು, ಫೋಟೋಕ್ಕೆ ಬೇಕಾದ ಬೆಳಕು, ಓದುಗರನ್ನು ಹಿಡಿದಿಡುವ ಮೊದಲ ಸಾಲು, ಯಾರೂ ಹೋಗದ ಜಾಗ ಹುಡುಕುವುದು, ಹೋಟೆಲಿನವರೊಡನೆ ವ್ಯವಹಾರ. ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳಲ್ಲಿ ತನಗಾಗುತ್ತಿರುವ ತೊಂದರೆಯ ಹೆಸರಿದೆಯೇ ಎಂದು ಹುಡುಕುವವಳ ಹಾಗೆ ಅವಳು ಆ ಪಟ್ಟಿಗಳ ಮೇಲೆ ಬೆರಳಾಡಿಸುತ್ತಿದ್ದಳು. ಬೇಕಾಗಿದ್ದ ಪಾಠ ಯಾವುದರಲ್ಲೂ ಇರಲಿಲ್ಲ. ಅದಕ್ಕೆ ಏನು ಹೆಸರಿಡುತ್ತಾರೆಂದೂ ಅವಳಿಗೆ ಗೊತ್ತಿರಲಿಲ್ಲ. ಬೆಂಚಿನ ಮೇಲೆ ದವಡೆ ಹಿಡಿದು ಕುಳಿತಿದ್ದ ಹೆಂಗಸೊಬ್ಬಳು, 'ನನ್ ನಂಬ್ರ ಯಾವಾಗ ಬತ್ತ್?' ಎಂದು ಮೂರನೆಯ ಸಲ ಕೇಳಿದಾಗಲೇ ತನ್ನನ್ನು ಯಾರೋ ಕರೆಯುತ್ತಿದ್ದಾರೆಂದು ಅವಳಿಗೆ ಅರಿವಾದದ್ದು. ಒಳಗಿಂದ ಡಾಕ್ಟರು, 'ಸೌಮ್ಯಶ್ರೀ, ಫೋನು ಒಳಗಿಡಿ, ಇಲ್ಲವಾದರೆ ನೀವೇ ಹೊರಗಿರಿ' ಎಂದರು. ತಮಾಷೆಯ ದನಿಯೇ. ಬೆಂಚಿನಲ್ಲಿದ್ದವರು ನಕ್ಕರು. ದವಡೆ ಊದಿದ ಹೆಂಗಸೂ ನೋವಿನಲ್ಲೇ ಒಂದಿಷ್ಟು ನಕ್ಕಳು.

ಹೋದ ವರ್ಷ ಮೇ ತಿಂಗಳಲ್ಲಿ ಹೀಗಿರಲಿಲ್ಲ. ಆಗ ಅವಳಿಗೆ ಬರೆಯುವುದೆಂದರೆ ನೆತ್ತಿಯಲ್ಲಿ ಗಾಳಿ ಆಡಿದ ಹಾಗೆ. ಉಪ್ಪುಂದದ ಮಾವನ ಮನೆಯಲ್ಲಿ ಎರಡು ದಿನ ಇದ್ದು ಬಸ್ಸಿನಲ್ಲಿ ಹಿಂದಿರುಗುತ್ತಿದ್ದಳು. ಮಾವನೆಂದರೆ ಅಮ್ಮನ ಅಣ್ಣ ಚಂದಯ್ಯ, ನಾಡದೋಣಿಯಲ್ಲಿ ಮೀನು ಹಿಡಿಯುವವ, ಅಪ್ಪ ಬೇಗ ತೀರಿಕೊಂಡ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವ. ಹಿಂದಿನ ಸಂಜೆ ಕಡಲ ಬದಿ ಒಬ್ಬಳೇ ನಡೆದು ಹೋಗಿ, ದಡದಿಂದ ಒಂದಿಷ್ಟು ದೂರ ನೀರಿನಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುವ ಬಂಡೆಯನ್ನು ನೋಡಿದ್ದಳು. ಊರವರು ಅದಕ್ಕೆ ಎಮ್ಮೆಕಲ್ಲು ಎನ್ನುತ್ತಿದ್ದರು. ಆ ಕಲ್ಲು ಹತ್ತದೆ ಇಪ್ಪತ್ತು ವರ್ಷವಾಗಿತ್ತು. ಹತ್ತುತ್ತಿದ್ದ ಕಾಲದಲ್ಲೂ ಅವಳ ಕೈ ಮಾವನ ಕೈಯಲ್ಲಿತ್ತು. ಯಾವಾಗ ಹೋಗಬೇಕು, ಯಾವಾಗ ಎದ್ದು ಬರಬೇಕು ಎಂಬುದು ಅವನ ಲೆಕ್ಕ, ಅವಳದ್ದಲ್ಲ. ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಬರೆಯುತ್ತ ಹೋದಳು. ಬೆರಳು ನಿಲ್ಲಲಿಲ್ಲ. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಿ ಎಮ್ಮೆಕಲ್ಲಿನ ಬೆನ್ನೇರಿ ಕುಳಿತರೆ ಮುಂದೆ ಯಾವ ಊರೂ ಇಲ್ಲ, ಸೂರ್ಯ ಮುಳುಗುವುದನ್ನು ಅಲ್ಲಿ ಕುಳಿತೇ ನೋಡಬೇಕು, ಎಂದು ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಆದರೆ ನೀರೇರುವ ಭರ್ತಿಯ ಹೊತ್ತು ಯಾವುದೆಂದು ಊರವರಲ್ಲಿ ಕೇಳಿಯೇ ಹೋಗಿ, ನೀರು ಹಿಂದಿನಿಂದ ಬರುತ್ತದೆ, ಕುಳಿತವರಿಗೆ ಕಾಣುವುದಿಲ್ಲ. ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಮೊದಲಿನಿಂದ ಓದಿನೋಡಿದಳು. ಆ ಕೊನೆಯ ಸಾಲು ಶಾಲೆಯ ಗೋಡೆಗೆ ಅಂಟಿಸಿದ ನೋಟೀಸಿನ ಹಾಗೆ ಕಂಡಿತು. ಅಳಿಸಿದಳು. ಅಳಿಸಿ ಮತ್ತೆ ಓದಿದಾಗ ಮೈಯಲ್ಲಿ ಸಣ್ಣಗೆ ನಡುಕ ಬಂದಿತ್ತು, ಇದು ಈಗ ಸರಿಯಾಯಿತು ಎಂದು. ಆ ನಡುಕದ ಸುಖವನ್ನು ಅವಳು ಇವತ್ತಿಗೂ ಮರೆತಿಲ್ಲ. ಮರೆಯಲಾಗದ್ದೇ ಅವಳಿಗೆ ಹೆಚ್ಚು ಹೇಸಿಗೆಯಾಗಿತ್ತು.

ಫೋನಿನಿಂದಲೇ ಪೋಸ್ಟ್ ಮಾಡಿದ ಮೂರು ದಿನದಲ್ಲಿ ಸಾವಿರಾರು ಜನ ಅದನ್ನು ಹಂಚಿದ್ದರು. ಪ್ರೇಮಾನಂದ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ತೋರಿಸಿ ಬಂದ. 'ನಮ್ ಮಾಲಕ್ರೂ ಓದ್ರ್ ಗೊತ್ತಿತ್ತಾ? ನಿಮ್ ಹೆಂಡ್ತಿಯಾ ಅಂದ್ ಕೇಂಡ್ರ್' ಎಂದು ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಪೋಸ್ಟಿನ ಕೆಳಗೆ ಪ್ರತಿಕ್ರಿಯೆಗಳು ಸಾಲುಗಟ್ಟಿದವು. ಅವುಗಳ ನಡುವೆ ರತನ್ ಎಂಬವನದ್ದು: 'ಸೂಪರ್ ಮೇಡಂ, ಈ ಭಾನುವಾರ ಹೋಗ್ತಿದ್ದೇವೆ.' ತಲೆಗೂದಲು ಒಂದು ಬದಿಗೆ ಬಾಚಿಕೊಂಡ, ರಬ್ಬರ್ ತೋಟದಲ್ಲಿ ನಿಂತು ತೆಗೆಸಿಕೊಂಡ ಫೋಟೋ. ಅವಳು ಅದಕ್ಕೊಂದು ಕೆಂಪು ಹೃದಯ ಒತ್ತಿದ್ದಳು. ಆ ದಿನ ನೂರಾರು ಜನಕ್ಕೆ ಒತ್ತಿದ ಹಾಗೆ. ಮುಂದಿನ ಮಂಗಳವಾರದ ಪೇಪರಿನಲ್ಲಿ, ಒಳಪುಟದ ಬದಿಯಲ್ಲಿ, ನಾಲ್ಕೈದು ಸಾಲು. ಉಪ್ಪುಂದದಲ್ಲಿ ವಿಹಾರಕ್ಕೆ ಬಂದ ಯುವಕ ನೀರುಪಾಲು, ಸಿದ್ದಾಪುರದ ರತನ್, ಇಪ್ಪತ್ತನಾಲ್ಕು ವರ್ಷ, ಜತೆಗಿದ್ದ ಇಬ್ಬರು ಪಾರು, ಸ್ಥಳೀಯ ಮೀನುಗಾರರು ಮರುದಿನ ಬೆಳಿಗ್ಗೆ ದೇಹವನ್ನು ಮೇಲೆತ್ತಿದರು. ಸ್ಥಳೀಯ ಮೀನುಗಾರರೆಂದರೆ ಯಾರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಫೋಟೋ ಅದೇ, ರಬ್ಬರ್ ತೋಟದ್ದು. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಫೋನು ತೆರೆದು, ಪೋಸ್ಟಿನ ಕೆಳಗೆ ಅವನ ಆ ಒಂದು ಸಾಲನ್ನು ಹುಡುಕಿ ಅಳಿಸಿದಳು. ಬರೆದದ್ದನ್ನು ಅಳಿಸಲಿಲ್ಲ. ಎಲ್ಲವನ್ನೂ ತೆಗೆದರೆ ಯಾಕೆ ತೆಗೆದೆ ಎಂದು ಗಂಡ ಕೇಳುತ್ತಾನೆ; ಒಂದು ಪ್ರತಿಕ್ರಿಯೆ ಹೋದರೆ ಯಾರು ಲೆಕ್ಕ ಇಟ್ಟಾರು. ಇಷ್ಟು ಯೋಚನೆ ಆ ಹೊತ್ತಿನಲ್ಲೂ ಬಂದಿತ್ತು. ನೀರು ಸುಮ್ಮನೆ ಬಿಟ್ಟುಕೊಂಡು, ಬಕೆಟು ತುಂಬಿ ಚೆಲ್ಲುವ ತನಕ ನಿಂತು, ಮುಖ ಒರೆಸಿಕೊಂಡು ಹೊರಗೆ ಬಂದು ಪ್ರೇಮಾನಂದನಿಗೆ ಚಾ ಮಾಡಿಕೊಟ್ಟಿದ್ದಳು.

ಅಲ್ಲಿಂದ ಈಚೆಗೆ ಹತ್ತು ತಿಂಗಳು ಅವಳು ಒಂದಕ್ಷರ ಬರೆದಿರಲಿಲ್ಲ. ಪ್ರೇಮಾನಂದ ಅದಕ್ಕೆ ತನ್ನದೇ ಕಾರಣ ಹುಡುಕಿಕೊಂಡಿದ್ದ: ಒಂದು ಸಲ ಗೆದ್ದವರಿಗೆ ಎರಡನೆಯದಕ್ಕೆ ಹೆದರಿಕೆ ಇರುತ್ತದೆ, ಸರಿಯಾಗಿ ಕಲಿತರೆ ಹೆದರಿಕೆ ಹೋಗುತ್ತದೆ. 'ಕಲ್ತ್ರೆ ಧೈರ್ಯ ಬತ್ತ್' ಎನ್ನುತ್ತಿದ್ದ. ಕೋರ್ಸುಗಳನ್ನು ಹುಡುಕಿ ಕಳಿಸಿದವನೂ ಅವನೇ. ಅವನ ಒಳ್ಳೆಯತನವೇ ಅವಳನ್ನು ಮೂಲೆಗೆ ಒತ್ತುತ್ತಿತ್ತು. ಬೈಯುವ ಗಂಡನಾಗಿದ್ದರೆ ಎಂದೋ ಬಾಯಿ ಬಿಡುತ್ತಿದ್ದೆನೇನೋ ಎಂದು ಅವಳಿಗೆ ಅನ್ನಿಸುವುದಿತ್ತು. ಹಾಗೆ ಅನ್ನಿಸಿದ ಕೂಡಲೇ, ತಪ್ಪನ್ನು ಅವನ ತಲೆಗೂ ಒಂದಿಷ್ಟು ಸವರುತ್ತಿದ್ದೇನೆ ಎಂದು ನಾಚಿಕೆಯೂ ಆಗುವುದಿತ್ತು.

ಒಂದೂವರೆಗೆ ಡಾಕ್ಟರು ಊಟಕ್ಕೆ ಹೋದರು. ಅವಳು ಶಟರ್ ಅರ್ಧ ಎಳೆದು, ಬುತ್ತಿ ಬಿಚ್ಚಿ, ಚಂದನಾಳ ಕೋರ್ಸಿನ ಉಚಿತ ಮಾದರಿ ತರಗತಿಗೆ ಸೇರಿಕೊಂಡಳು. ಇದನ್ನೊಂದು ನೋಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡಿದ್ದಳು. ತೆರೆಯ ಮೇಲೆ ಹಳದಿ ಕುರ್ತಾದ ಹುಡುಗಿ, ಹಿಂದೆ ಬಿಳಿ ಗೋಡೆ, ಒಂದು ಹಸಿರು ಕುಂಡ. ದನಿ ತುಂಬ ಹಿತವಾಗಿತ್ತು. ನಲವತ್ತು ಚಿಲ್ಲರೆ ಜನ ಸೇರಿದ್ದರು, ಬರೀ ಹೆಸರುಗಳು. 'ಎಲ್ಲರಿಗೂ ನಮಸ್ಕಾರ. ಇವತ್ತು ನಾವು ಒಂದೇ ಒಂದು ವಿಷಯ ನೋಡೋಣ, ಬರಹವನ್ನು ಹೇಗೆ ಮುಗಿಸಬೇಕು ಅನ್ನೋದು. ತುಂಬ ಜನ ಮೊದಲ ಸಾಲಿಗೆ ಒದ್ದಾಡ್ತಾರೆ, ಕೊನೆ ಸಾಲನ್ನ ಹಾಳು ಮಾಡ್ತಾರೆ' ಎಂದು ಚಂದನಾ ಶುರುಮಾಡಿದಳು. ಸೌಮ್ಯಶ್ರೀ ಮೊಸರನ್ನದ ತುತ್ತು ಎತ್ತಿದಳು. ತೆರೆಯ ಮೇಲೆ ಒಂದು ಹಾಳೆ ಬಂತು. ಬರೆದವರ ಹೆಸರಿದ್ದಲ್ಲಿ ಕಪ್ಪು ಪಟ್ಟಿ ಎಳೆದಿತ್ತು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಿ.

'ಇದನ್ನ ಬರೆದವರು ಯಾರೋ ಹೊಸಬರು, ಕರಾವಳಿಯವರು. ಆದರೆ ಕೊನೆ ನೋಡಿ' ಎಂದಳು ಚಂದನಾ, ಕೊನೆಯ ಎರಡು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತ. 'ಹೀಗೆ ಹೋಗಿ, ಹಾಗೆ ಹೋಗಿ, ಹುಷಾರು, ಪಾರ್ಕಿಂಗ್ ಇಲ್ಲ, ಅಂತ ಏನಾದ್ರೂ ಸೇರಿಸಿದ್ರೆ ಇದರ ಜೀವ ಹೋಗ್ತಿತ್ತು. ಇವರು ಏನು ಮಾಡಿದಾರೆ? ಓದುಗನನ್ನ ಆ ಕಲ್ಲಿನ ಮೇಲೆ ಕೂರಿಸಿ, ಅಲ್ಲೇ ಬಿಟ್ಟು ಬಂದಿದಾರೆ. ಅದೇ ಕಲೆ.' ಪಕ್ಕದಲ್ಲಿ ಚಪ್ಪಾಳೆಯ ಚಿತ್ರಗಳು ಏರತೊಡಗಿದವು. ವಾವ್, ಎಂದು ಯಾರೋ. ನಿಜವಾಗ್ಲೂ ಅಲ್ಲಿ ಹೋಗಬೇಕು ಅನಿಸ್ತಿದೆ, ಎಂದು ಇನ್ಯಾರೋ.

ಬಾಯಲ್ಲಿದ್ದ ಅನ್ನ ಇಳಿಯಲಿಲ್ಲ. ಅಲ್ಲೇ ಬಿಟ್ಟು ಬಂದಿದ್ದಾರೆ. ಆ ಹುಡುಗಿಗೆ ಏನೂ ಗೊತ್ತಿಲ್ಲ, ಹೊಗಳುತ್ತಿದ್ದಾಳೆ. ಹತ್ತು ತಿಂಗಳು ತಾನು ತನಗೇ ಹೇಳಿಕೊಳ್ಳಲು ಹೆದರಿದ್ದನ್ನು ಅವಳು ಇಷ್ಟು ಹಿತವಾದ ದನಿಯಲ್ಲಿ, ಕೆಂಪು ಗೆರೆ ಎಳೆದು, ನಲವತ್ತು ಜನರ ಮುಂದೆ ಹೇಳಿಬಿಟ್ಟಳು. ಸೌಮ್ಯಶ್ರೀ ಎಡಗೈಯಿಂದ ಪ್ರಶ್ನೆ ಹಾಕುವ ಜಾಗ ಒತ್ತಿ, ತಪ್ಪುತಪ್ಪಾಗಿ ಬರೆದು, ತಿದ್ದಿ, ಕಳಿಸಿದಳು: ನಾವು ಬರೆದದ್ದನ್ನು ಓದಿ ಹೋದವರಿಗೆ ಅಲ್ಲಿ ಏನಾದರೂ ಆದರೆ?

'ಒಳ್ಳೇ ಪ್ರಶ್ನೆ' ಎಂದು ಚಂದನಾ ನಕ್ಕಳು. ಎಲ್ಲ ಪ್ರಶ್ನೆಗೂ ಹಾಗೆಯೇ ಅನ್ನುತ್ತಿದ್ದಳು. 'ಕೆಳಗಡೆ ಒಂದು ಸಾಲು ಹಾಕಿಬಿಡಿ, ಓದುಗರು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಹೋಗತಕ್ಕದ್ದು ಅಂತ. ಕೋರ್ಸಿಗೆ ಸೇರಿದವರಿಗೆ ನಾನೇ ಅದನ್ನ ಬರೆದು ಕೊಡ್ತೀನಿ. ಸಣ್ಣ ಅಕ್ಷರದಲ್ಲಿ ಸಾಕು, ಬರಹದ ಅಂದ ಕೆಡಬಾರದು ನೋಡಿ.'

ಒಂದು ಗಳಿಗೆ ಅವಳಿಗೆ ಹಗುರಾಯಿತು. ಅಷ್ಟೇಯೇ, ಎಲ್ಲರೂ ಮಾಡುವುದು ಇಷ್ಟೇಯೇ, ಇದಕ್ಕೊಂದು ಸಿದ್ಧವಾದ ಸಾಲಿದೆಯೇ. ಮರುಗಳಿಗೆಯಲ್ಲಿ ಎದ್ದು ಹಿಂದಿನ ನಲ್ಲಿಯ ಹತ್ತಿರ ಹೋಗಿ ಬಾಯಲ್ಲಿದ್ದುದನ್ನು ಉಗುಳಿದಳು. ಹಲ್ಲು ಕಿತ್ತವರು ಬಾಯಿ ಮುಕ್ಕಳಿಸುವ ಬೇಸಿನ್ನು ಅದು, ಅಂಚಿನಲ್ಲಿ ಯಾರದೋ ರಕ್ತ ಹತ್ತಿದ ಹತ್ತಿಯ ಉಂಡೆ. ಅದನ್ನು ನೋಡುತ್ತ ನಿಂತವಳಿಗೆ ಇದ್ದಕ್ಕಿದ್ದಂತೆ ಮಾವನ ನೆನಪಾಯಿತು. ಮಾವ ಆ ಹುಡುಗನನ್ನು ಎತ್ತಿದ್ದು ಹೇಗೆ, ಕಂಕುಳಿಗೆ ಕೈ ಹಾಕಿಯೋ, ಬಲೆಯಲ್ಲಿಯೋ. ಅದಾದ ಮೇಲೆ ಮೂರು ಸಲ ಊರಿಗೆ ಹೋಗಿದ್ದಳು. ಮೂರು ಸಲವೂ ಮಾವ ಬಡಿಸಿದ ಮೀನು ತಿಂದು, ಆ ಮಾತೆತ್ತದೆ ಬಂದಿದ್ದಳು. ಡಾಕ್ಟರಿಗೆ ಫೋನು ಮಾಡಿ ತಲೆನೋವೆಂದಳು. 'ಇವತ್ತು ಮೂರು ಜನ ರೂಟ್ ಕೆನಾಲಿನವರಿದ್ದಾರೆ, ನಿಮಗೆ ಇವತ್ತೇ ಬರಬೇಕಾ ತಲೆನೋವು?' ಎಂದರು ಅವರು. ಬರಬೇಕಿತ್ತು ಎಂದು ಹೇಳಿಬಿಡಬೇಕೆನಿಸಿತು. 'ಕ್ಷಮಿಸಿ ಸಾರ್' ಎಂದಳು.

ಕುಂದಾಪುರದಲ್ಲಿ ಇಳಿದು ಬೈಂದೂರಿನ ಬಸ್ಸು ಹಿಡಿದಾಗ ಮೂರೂವರೆ. ಕಿಟಕಿಯ ಬದಿಯ ಸೀಟು ಕಾದ ಹೆಂಚಾಗಿತ್ತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹೊಸದಾಗಿ ಡಾಂಬರು ಹಾಕಿದ ಹೆದ್ದಾರಿ ನೀರು ನಿಂತ ಹಾಗೆ ಮಿನುಗುತ್ತಿತ್ತು. ಹೇಳಿದರೆ ಮಾವ ಏನನ್ನಬಹುದು. ಹೊಡೆಯಲಿಕ್ಕಿಲ್ಲ, ಹೊಡೆದವನೇ ಅಲ್ಲ. ಸಣ್ಣವಳಿದ್ದಾಗ ಒಮ್ಮೆ ಅವನ ಕೈ ಬಿಡಿಸಿಕೊಂಡು ಕಲ್ಲಿನ ಆಚೆ ಬದಿಗೆ ಇಳಿದಿದ್ದಳು, ಅಂಟಿಕೊಂಡ ಚಿಪ್ಪು ಕೀಳಲು. ಮಾವ ಬಂದು ರಟ್ಟೆ ಹಿಡಿದೆತ್ತಿದಾಗ ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೈಯದೆ, ಅವಳ ಗಲ್ಲ ಹಿಡಿದು ತಲೆಯನ್ನು ದಡದ ಕಡೆಗೆ ತಿರುಗಿಸಿ ತೋರಿಸಿದ. ಬರುವಾಗ ಕಾಲಡಿ ಕಾಣುತ್ತಿದ್ದ ಮರಳು ಕಾಣೆಯಾಗಿ ಅಲ್ಲಿ ಆಳದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಕಂಡೆಯಾ, ಎಂದಿದ್ದ. ಅಷ್ಟೇ. ಅದನ್ನು ಕಂಡವಳು ಅವಳು, ಅವಳಿಗೇ ಗೊತ್ತಿದ್ದದ್ದು. ಮರವಂತೆಯಲ್ಲಿ ಬಸ್ಸು ನಿಧಾನವಾಯಿತು. ರಸ್ತೆಯ ಬದಿಗೆ ಕಾರು ನಿಲ್ಲಿಸಿ ಬೇರೆ ಊರಿನ ಜನ ಕಲ್ಲುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ನಗುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಳು. ಸೌಮ್ಯಶ್ರೀ ಕಿಟಕಿಯಿಂದ ಕೈ ಹೊರಗೆ ಹಾಕಿದಳು, ಏನು ಕೂಗಬೇಕೆಂದು ತಿಳಿಯದೆ. ಬಸ್ಸು ಮುಂದೆ ಹೋಯಿತು. 'ಕೈ ಒಳ್ಗೆ ಹಾಕಿ ಅಕ್ಕಾ' ಎಂದು ಕಂಡಕ್ಟರ್ ಗದರಿದ.

ನಾವುಂದ ದಾಟುವಾಗ ಪ್ರೇಮಾನಂದನ ಫೋನು ಬಂತು. 'ಎಂತ, ಕ್ಲಾಸ್ ಕಂಡ್ಯಾ? ಯಾವ್ದ್ ಆಯ್ತ್?'

'ಯಾವ್ದೂ ಬೇಡ.'

'ಬೇಡ ಅಂದ್ರೆ? ಕಲ್ಸುದ್ ಸಮಾ ಇಲ್ಯಾ?'

'ಸಮಾ ಇತ್ತ್. ನಾನ್ ಉಪ್ಪುಂದಕ್ಕ್ ಹೋತಾ ಇದ್ದೆ, ಮಾವನ್ ಹತ್ರ.'

ಆ ಕಡೆ ಫ್ಯಾಕ್ಟರಿಯ ಯಂತ್ರದ ಸದ್ದು. 'ಈಗ್ಲಾ? ಎಂತ ಆಯ್ತ್ ನಿಂಗೆ?' ಎಂದ. ಅವನ ದನಿಯಲ್ಲಿ ನಗು ಇರಲಿಲ್ಲ. 'ಬಂದ್ ಹೇಳ್ತೆ. ಎಲ್ಲ ಹೇಳ್ತೆ' ಎಂದಳು. ಹೇಳಿದ ಮೇಲೆ, ಇನ್ನು ಹೇಳಲೇಬೇಕಲ್ಲ ಎಂದುಕೊಂಡಳು.

ಚಂದಯ್ಯ ಅಂಗಳದ ಚಪ್ಪರದ ಕೆಳಗೆ ಕಾಲು ಚಾಚಿ ಕುಳಿತು ಬಲೆಯ ಹರಕು ಹೊಲಿಯುತ್ತಿದ್ದ. ಅವನ ಹೆಂಡತಿ ಸೀತು ಒಣಮೀನು ತೆಗೆದು ಬುಟ್ಟಿಗೆ ಹಾಕುತ್ತಿದ್ದವಳು ತಲೆಯೆತ್ತಿ, 'ಹ್ವಾಯ್, ಇದಾರ್ ಬಂದದ್ ಕಾಣಿ!' ಎಂದು ಗಂಡನನ್ನು ಕರೆದಳು.

'ಎಂತ ಮಗಾ, ಹೇಳ್ದೆ ಕೇಳ್ದೆ ಬಂದದ್? ಪ್ರೇಮಾನಂದ ಬರ್ಲಿಲ್ಯಾ?' ಎಂದ ಚಂದಯ್ಯ.

'ನಾನೊಬ್ಳೇ ಮಾವಾ.' ಅವಳು ಚಪ್ಪಲಿ ಬಿಡದೆ ಅಲ್ಲೇ ನಿಂತಿದ್ದಳು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. 'ಹೋದ್ ವರ್ಷ ಎಮ್ಮೆಕಲ್ಲಲ್ಲಿ ಹೋದ ಹುಡ್ಗ ಇದ್ದ ಅಲ್ದಾ ಮಾವಾ. ಅಂವ ನಾನ್ ಬರ್ದದ್ ಓದಿ ಬಂದದ್.'

ಸೀತು ಅತ್ತೆಯ ಕೈ ಬುಟ್ಟಿಯ ಮೇಲೆ ನಿಂತಿತು. ಮಾವನ ಕೈ ನಿಲ್ಲಲಿಲ್ಲ. ಬಲೆಯ ಒಂದು ಕಣ್ಣು ಹೊಲಿದು, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದ.

'ನಂಗೊತ್ತಿತ್ತ್ ಮಗಾ.'

ಅವಳು ಚಪ್ಪರದ ಕಂಬ ಹಿಡಿದಳು. ಈ ಮನೆಯಲ್ಲಿ ತಿಂದ ಮೂರು ಊಟಗಳು, ಮಾವ ಅವಳ ತಟ್ಟೆಗೆ ಆರಿಸಿ ಹಾಕಿದ ಮೀನಿನ ನಡುತುಂಡುಗಳು ಕಣ್ಣ ಮುಂದೆ ಬಂದವು. ಗೊತ್ತಿದ್ದೂ ಹಾಕಿದ್ದ.

'ಅವ್ನ ಅಪ್ಪ ಬಂದಿದ್ದ' ಎಂದ ಚಂದಯ್ಯ. 'ಜೂನ್ ತಿಂಗ್ಳಂಗೆ. ಗುಡ್ಡ ಅಂಬ್ರ್ ಹೆಸ್ರ್. ಸಿದ್ದಾಪುರದ್ ಬದಿ, ರಬ್ಬರ್ ಮರ ಗೀರುದ್ ಕೆಲ್ಸ. ಫೋನ್ ಹಿಡ್ಕಂಡ್ ಮನೆ ಮನೆ ತಿರ್ಗ್ದ. ಇದ್ ಬರ್ದ ಹೆಂಗ್ಸ್ ಯಾರ್, ನಿಮ್ಮೂರ್ದಾ ಅಂದ್ ಕೇಂಡ. ಹೆಸ್ರ್ ಓದಿ ಹೇಳ್ದ. ನಾನ್ ಗೊತ್ತಿಲ್ಲೆ ಅಂದೆ.'

'ಎಂತಕೆ ಮಾವಾ?'

'ಎಂತಕೆ ಅಂದ್ರೆ?' ಮೊದಲ ಸಲ ಅವನ ದನಿ ಏರಿತು. 'ಅವ್ನ ಮಗನ್ನ ನೀರಿಂದ ಎತ್ತಿದ್ ಈ ಕೈ. ನನ್ ಸೊಸೆ ಬರ್ದದ್ ಅಂದ್ ಯಾವ್ ಬಾಯಂಗೆ ಹೇಳುದ್? ಮೂರ್ ಸಲ ಬಂದ ಮಗಾ. ಜಗಳಕ್ ಬಂದ ಜನ ಅಲ್ಲ. ಇಲ್ಲೇ ಕೂಕಂಡ್ ನೀರ್ ಕುಡ್ದ. ಬೈಯುಕ್ ಅಲ್ಲ, ಒಂದ್ ಮಾತ್ ಕೇಂಬುಕಿತ್ತ್, ಅಷ್ಟೇ ಅಂದ. ನಂಬ್ರ ಬರ್ಸಿ ಹೋದ. ಮೂರ್ ಸಲವೂ ನಾನ್ ಅವ್ನ ಮುಖ ಕಂಡ್ಕಂಡ್ ಗೊತ್ತಿಲ್ಲೆ ಅಂದೆ.'

'ಈಗ ಅದೆಲ್ಲ ಎಂತಕೆ ತೆಗುದ್?' ಎಂದಳು ಸೀತು ಅತ್ತೆ. 'ಆದ್ದ್ ಆಯ್ತ್. ಒಳ್ಗ್ಬಾ, ಚಾ ಕುಡಿ.'

'ನಂಬ್ರ ಎಲ್ಲಿತ್ತ್ ಮಾವಾ?'

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಚಂದಯ್ಯ ಎದ್ದು ಒಳಗೆ ಹೋದ, ಅವಳು ಹಿಂದೆ ಹೋದಳು. ಮರದ ಕಪಾಟಿನ ಬಾಗಿಲು ತೆರೆದ. ಬಾಗಿಲಿನ ಒಳಬದಿಯಲ್ಲಿ, ಮಂಜುಗಡ್ಡೆಯವನ ನಂಬರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆದ ಹತ್ತು ಅಂಕೆಗಳು. ಹೆಸರು ಇರಲಿಲ್ಲ. ಅವಳು ಪ್ರತಿಸಲ ಬಂದಾಗಲೂ ಸೀರೆ ಮಡಿಚಿಟ್ಟ ಕಪಾಟು ಅದು.

ಹಿಂದಿನ ಜಗಲಿಗೆ ಬಂದು ನಿಂತು ಒತ್ತಿದಳು. ಐದು ಸಲ ರಿಂಗಾಯಿತು. ಆರನೆಯದಕ್ಕೆ ಗಂಡಸಿನ ದನಿ, 'ಹಲೋ, ಯಾರ್?'

'ನಾನ್ ಸೌಮ್ಯಶ್ರೀ ಅಂದ್. ಎಮ್ಮೆಕಲ್ಲಿನ್ ಬಗ್ಗೆ ಬರ್ದದ್ ನಾನೇ.'

ಆ ಕಡೆ ಕೋಳಿಯ ಸದ್ದು, ಪಾತ್ರೆಯ ಸದ್ದು. ಅವನು ಉಸಿರೆಳೆದುಕೊಂಡದ್ದು ಕೇಳಿತು. 'ಒಂದ್ ನಿಮಿಷ. ಹೊರ್ಗ್ ಬತ್ತೆ.' ನಡೆಯುವ ಸದ್ದು. ಒಣ ಎಲೆ ತುಳಿದ ಸದ್ದು. 'ಹೇಳಿ ಅಮ್ಮ.'

ಅಮ್ಮ ಎಂಬ ಆ ಮರ್ಯಾದೆ ಅವಳನ್ನು ಇರಿಯಿತು. 'ನೀವ್ ಹುಡ್ಕ್ತಾ ಇದ್ರಿ ಅಂಬ್ರ್. ನಂಗೆ ಇವತ್ತೇ ಗೊತ್ತಾದ್ದ್.' ಹೇಳಿದ ಮೇಲೆ, ಇಲ್ಲೂ ಒಂದು ಸಣ್ಣ ತಪ್ಪಿಸಿಕೊಳ್ಳುವಿಕೆ ನುಸುಳಿತಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

'ಬೈಯುಕ್ ಅಲ್ಲ ಅಮ್ಮ ಹುಡ್ಕದ್' ಎಂದ ಗುಡ್ಡ. 'ನನ್ ಹೆಂಡ್ತಿ ಸುಗುಣಂದ್ ಒಂದ್ ಕಥೆ. ಆ ದಿನ ಹೊರ್ಡು ಮೊದ್ಲ್ ರತನ್ ನಿಮ್ದನ್ನ ಗಟ್ಟಿ ಓದಿ ಹೇಳ್ದ, ಅಮ್ಮಂಗೆ. ಅವ್ಳ್ ಮಿಕ್ಸಿಲಿ ಕಾಯಿ ಕಡೀತಾ ಇದ್ಳ್. ಕಡೇ ಸಾಲ್ ಸಮಾ ಕೇಂಬ್ಲಿಲ್ಲೆ. ಓದಿ ಮುಗ್ಸಿ, ಹೋಯ್ಲಾ ಅಮ್ಮ ಅಂದ. ಹೋಗ್ ಅಂದ್ಳ್. ಈಗ ಅವ್ಳ್ ಹೇಳುದ್ ಒಂದೇ ಮಾತ್. ಆ ಕಡೇ ಸಾಲಂಗೆ ನೀರಿನ್ ಬಗ್ಗೆ ಎಂತದೋ ಇತ್ತ್, ಜಾಗ್ರತೆ ಅಂದ್ ಇತ್ತ್, ಮಿಕ್ಸಿ ನಿಲ್ಸಿ ಕೇಂಡಿದ್ರೆ ನಾನ್ ಕಳ್ಸ್ತಿರ್ಲಿಲ್ಲೆ ಅಂದ್.'

ಸೌಮ್ಯಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡಳು.

'ನಾನ್ ಫೋನಲ್ಲಿ ಓದಿ ತೋರ್ಸ್ದೆ. ಇಲ್ಲೆ ಕಾಣ್, ಹಾಂಗಿದ್ದ್ ಎಂತದೂ ಇಲ್ಲೆ ಅಂದೆ. ನಂಬುದಿಲ್ಲೆ. ಕೆಳ್ಗೆ ರತನ್ ಬರ್ದದ್ ಒಂದಿತ್ತಲ್ದಾ, ಭಾನುವಾರ ಹೋತ್ರ್ ಅಂದ್? ಅಂವ ಅದನ್ನೂ ಅಮ್ಮಂಗೆ ತೋರ್ಸಿದ್ದ. ಅದ್ ಈಗ ಇಲ್ಲೆ. ಅದನ್ನ ಅಳ್ಸ್ದಾಂಗೆ ಇದನ್ನೂ ಅಳ್ಸಿರ್ ಅಂಬುದ್ ಅವ್ಳ್. ನಾನೆಂತ ಉತ್ರ ಕೊಡುದ್? ಅದ್ ಎಲ್ಲಿಗ್ ಹೋಯ್ತ್ ಅಂದ್ ನಂಗೂ ಗೊತ್ತಿಲ್ಲೆ. ಬರ್ದವ್ರೇ ಹೇಳ್ರೆ ನಂಬುಗೇನೋ ಅಂದ್ ನಿಮ್ಮನ್ನ ಹುಡ್ಕದ್.'

ಬಚ್ಚಲ ಬಾಗಿಲಿನ ಹಿಂದೆ, ಬಕೆಟು ತುಂಬುವಷ್ಟರಲ್ಲಿ ಮಾಡಿ ಮುಗಿಸಿದ ಕೆಲಸ. ಯಾರು ಲೆಕ್ಕ ಇಟ್ಟಾರು ಎಂದುಕೊಂಡಿದ್ದಳು. ಗೊತ್ತೇ ಇಲ್ಲದ ಒಂದು ಹೆಂಗಸು ಹತ್ತು ತಿಂಗಳಿಂದ ದಿನವೂ ಅದೊಂದರ ಲೆಕ್ಕ ಇಟ್ಟಿದ್ದಾಳೆ. ಆಗದ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡು, ಅದಕ್ಕೆ ಸಾಕ್ಷಿಯಾಗಿ ಆ ಇಲ್ಲದ ಸಾಲನ್ನು ಹಿಡಿದುಕೊಂಡಿದ್ದಾಳೆ. ಸಾಕ್ಷಿ ಮಾಡಿಕೊಟ್ಟವಳು ತಾನು. ಫೋನು ಇಟ್ಟುಬಿಡಬಹುದಿತ್ತು. ಬರೆದದ್ದರಲ್ಲಿ ಏನೂ ಇರಲಿಲ್ಲ ಎಂದು ಗುಡ್ಡನಿಗೆ ಹೇಳಿ, ಹೇಳಿಬಿಡಿ ಅವರಿಗೆ ಎಂದರೂ ಸಾಕಿತ್ತು.

'ಅವ್ರ್ ಹತ್ರ ಕೊಡಿ' ಎಂದಳು.

ಮತ್ತೆ ಒಣ ಎಲೆ, ಮತ್ತೆ ಪಾತ್ರೆ. ಗುಡ್ಡ ಮೆಲ್ಲಗೆ ಏನೋ ಹೇಳಿದ್ದು, ಯಾರೋ ಬೇಡವೆಂದದ್ದು, ಅವನು ಮತ್ತೆ ಹೇಳಿದ್ದು. ಆಮೇಲೆ ಬರೀ ಉಸಿರು.

'ಸುಗುಣಕ್ಕಾ, ನಾನ್ ಅದನ್ನ ಬರ್ದದ್. ಅದ್ರಲ್ಲಿ ನೀರಿನ್ ಬಗ್ಗೆ ಎಂತದೂ ಇರ್ಲಿಲ್ಲೆ. ಜಾಗ್ರತೆ ಅಂದ್ ಇರ್ಲಿಲ್ಲೆ. ನೀವ್ ಮಿಕ್ಸಿ ನಿಲ್ಸಿ ಕೇಂಡಿದ್ರೂ ಕೇಂತಿರ್ಲಿಲ್ಲೆ.'

ಉಸಿರು. ಒಣಗಿದ ದನಿ, 'ರತನ್ ಬರ್ದದ್?'

'ಅದನ್ನ ಅಳ್ಸದ್ ನಾನೇ. ಪೇಪರಲ್ಲಿ ಕಂಡ ದಿನ. ಹೆದ್ರಿ ಅಳ್ಸದ್. ಬೇರೆ ಎಂತದೂ ಅಳ್ಸ್ಲಿಲ್ಲೆ.'

'ನೀರಿನ್ ವಿಷ್ಯ ನಿಂಗ್ ಗೊತ್ತಿರ್ಲಿಲ್ಯಾ?'

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಆ ಹೆಂಗಸು ಅದನ್ನೂ ನಂಬುತ್ತಿದ್ದಳು. ಚಂದಯ್ಯ ಬಾಗಿಲಿನಲ್ಲಿ ಬಂದು ನಿಂತಿದ್ದ. 'ಗೊತ್ತಿತ್ತ್' ಎಂದಳು ಸೌಮ್ಯಶ್ರೀ. 'ಸಣ್ಣದಿಪ್ಪಾಗ್ಳೇ ಗೊತ್ತಿತ್ತ್.'

'ಮತ್ತೆಂತಕೆ ಬರೀಲಿಲ್ಲೆ?'

'ಬರ್ದಿದ್ದೆ. ಬರ್ದ್ ತೆಗ್ದೆ.' ಬಾಗಿಲಿನಲ್ಲಿದ್ದ ಮಾವನನ್ನು ನೋಡಿದಳು. 'ಚಂದ ಕಾಂಬ್ಲಿಲ್ಲೆ ಅಂದ್ ತೆಗ್ದೆ.'

'ಚಂದ' ಎಂದಳು ಸುಗುಣ. ಅರ್ಥ ತಿಳಿಯದ ಪದವೊಂದನ್ನು ನಾಲಿಗೆಯ ಮೇಲಿಟ್ಟು ನೋಡಿದ ಹಾಗೆ. 'ಚಂದ ಕಾಂಬ್ಲಿಲ್ಲೆ ಅಂದ್.'

ಆಮೇಲೆ ಬಂದ ಸದ್ದು ಮೊದಲು ಅಳುವೆಂದು ಗೊತ್ತಾಗಲಿಲ್ಲ. ಯಾವುದೋ ಭಾರದ ವಸ್ತುವನ್ನು ನೆಲದ ಮೇಲೆ ಎಳೆದ ಹಾಗೆ, ಒಳಗಿನಿಂದ, ತಡೆತಡೆದು ಬಂತು. ಫೋನು ಕೆಳಗೆ ಬಿದ್ದಿರಬೇಕು, ಟಪ್ ಎಂದಿತು. ಅಳು ದೂರವಾಗಿ, ಮತ್ತೆ ಹತ್ತಿರವಾಯಿತು. ಸೌಮ್ಯಶ್ರೀ ಇಡಲೆಂದು ಬೆರಳು ತಂದಾಗ ಗುಡ್ಡನ ದನಿ ಕೇಳಿತು.

'ಇಡ್ಬೇಡಿ ಅಮ್ಮ. ಮಗನ್ನ ತಂದ್ ಅಂಗಳದಲ್ಲಿ ಮಲ್ಗ್ಸಿರೂ ಇವ್ಳ್ ಅಳ್ಲಿಲ್ಲೆ. ಹತ್ತ್ ತಿಂಗ್ಳಂಗೆ ಅತ್ತದ್ ಇವತ್ತೇ ಕಾಣಿ.' ಅವನೂ ಮಾತು ನಿಲ್ಲಿಸಿ ಮೂಗೊರೆಸಿಕೊಂಡ. 'ಸ್ವಲ್ಪ ಹೊತ್ತ್ ಕೇಂತಾ ಇರಿ. ನನ್ನೊಬ್ನಿಂದ ಆಪುದಿಲ್ಲೆ.'

ಅವನು ಫೋನನ್ನು ಹೆಂಡತಿಯ ಪಕ್ಕದಲ್ಲಿ ನೆಲಕ್ಕಿಟ್ಟದ್ದು ಕೇಳಿತು. ಚಂದಯ್ಯ ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದ. ಸೌಮ್ಯಶ್ರೀ ತಲೆಯಲ್ಲಾಡಿಸಿದಳು. ಅವನು ಹೋಗಲಿಲ್ಲ, ಜಗಲಿಯ ಮೆಟ್ಟಿಲಲ್ಲಿ ಅವಳಿಗೆ ಬೆನ್ನು ಹಾಕಿ ಕುಳಿತ. ತೆಂಗಿನ ಮರಗಳ ಬುಡದಲ್ಲಿ ಬಿಸಿಲು ಹಿಂದೆ ಸರಿದಿತ್ತು. ಸೀತು ಅತ್ತೆ ಚಾ ತಂದು ಕಿಟಕಿಯ ದಂಡೆಯ ಮೇಲಿಟ್ಟು, ಮುಖ ನೋಡಿ ಒಳಗೆ ಹೋದಳು. ಫೋನು ಕಿವಿಗೆ ಸುಡುತ್ತಿತ್ತು. ಅವಳು ಕೈ ಬದಲಿಸದೆ ಕೇಳುತ್ತ ನಿಂತಳು.